ಬೀಚಿಗೆ ಬೆನ್ನು ಹಾಕಿ: ಮೂಡುಬಿದಿರೆ, ಕಾರ್ಕಳ, ಆಗುಂಬೆ ಸುತ್ತುದು ಹೇಗೆ

ಮಂಗ್ಳೂರಿಗೋ ಉಡುಪಿಗೋ ಹೊರಗಿಂದ ನೆಂಟ್ರು ಬಂದ್ರೆ ನಾವೆಲ್ಲ ಮಾಡುದು ಒಂದೇ, ಕೃಷ್ಣ ಮಠ, ಮಲ್ಪೆ, ಪಣಂಬೂರು, ಒಂದು ಗಡ್‌ಬಡ್ ಐಸ್‌ಕ್ರೀಮು, ಮೀನೂಟ, ಮತ್ತೆ ಸೀದಾ ಬಸ್ ಸ್ಟ್ಯಾಂಡು. ಅದೆಲ್ಲ ಇರ್ಲಿ, ಬೇಡ ಅಂತ ಹೇಳುದಿಲ್ಲ. ಆದ್ರೆ ಪೂರ್ವದ ಕಡೆ ಒಂದು ಒಂದೂವರೆ ಗಂಟೆ ಹೋದ್ರೆ ಘಟ್ಟದ ಬುಡದಲ್ಲಿ ಆರುನೂರು ವರ್ಷದ ಜೈನ ಬಸದಿಗಳುಂಟು, ಅದರ ಬೆನ್ನಿಗೇ ಸಿಂಗಳೀಕ, ಕಾಟಿ (ಕಾಡುಕೋಣ), ಕಾಳಿಂಗ ಎಲ್ಲ ಇರುವ ಕಾಡುಂಟು, ಅದನ್ನು ನಮ್ಮವ್ರೇ ಎಷ್ಟೋ ಜನ ಸರಿಯಾಗಿ ನೋಡಿಲ್ಲ. ನೋಡಿದವ್ರೂ ಎರಡು ಬೇರೆ ಬೇರೆ ಟ್ರಿಪ್ ಮಾಡಿರ್ತಾರೆ, ಅಜ್ಜ ಅಜ್ಜಿಯನ್ನು ಕೂರಿಸ್ಕೊಂಡು ಟೆಂಪೋ ಟ್ರಾವೆಲರಲ್ಲಿ ಬಸದಿ ದೇವಸ್ಥಾನ ಒಮ್ಮೆ, ಫ್ರೆಂಡ್ಸ್ ಜೊತೆ ಬೈಕಲ್ಲಿ ಘಾಟಿ ಇನ್ನೊಮ್ಮೆ.

ನಂಗೆ ಕಂಡ ಹಾಗೆ ಅದು ಒಂದೇ ಟ್ರಿಪ್ಪು. ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ಭೈರರಸರದ್ದು ಕಳಸ-ಕಾರ್ಕಳ ರಾಜ್ಯ, ಕಳಸ ಘಟ್ಟದ ಮೇಲೆ, ಕಾರ್ಕಳ ಘಟ್ಟದ ಕೆಳಗೆ, ನಡುವೆ ಈಗ ನಾವು ಕುದುರೆಮುಖ ನ್ಯಾಷನಲ್ ಪಾರ್ಕ್ ಅಂತ ಹೇಳುವ ಕಾಡು. ಮೆಣಸು, ಅಕ್ಕಿ ಎಲ್ಲ ಘಾಟಿ ದಾರೀಲೇ ಹತ್ತಿ ಇಳಿದದ್ದು, ಆ ವ್ಯಾಪಾರದ ದುಡ್ಡೇ ಕಲ್ಲಾಗಿ ಬಸದಿಯಾಗಿ ನಿಂತದ್ದು. ಹಾಗಾಗಿ ಬಸದಿ ಮಾತ್ರ ನೋಡಿದ್ರೂ ಅರ್ಧ, ಕಾಡು ಮಾತ್ರ ನೋಡಿದ್ರೂ ಅರ್ಧ. ಮೂರು ದಿನ ಕೈಯಲ್ಲಿದ್ರೆ ಎರಡನ್ನೂ ಸೇರಿಸಿ ಆರಾಮಲ್ಲಿ ಮಾಡ್ಬಹುದು, ಹೇಗೆ ಅಂತ ಕೆಳಗೆ ಬರ್ದಿದ್ದೇನೆ.

ಮೊದ್ಲು ತಿಂಗಳು ನೋಡಿ

ನವೆಂಬರ್ ಕೊನೆಯಿಂದ ಫೆಬ್ರವರಿ ಬೆಸ್ಟ್. ಮಳೆ ಬಿಟ್ಟಿರ್ತದೆ, ಕಾಡು ಇನ್ನೂ ಹಸಿರಿರ್ತದೆ, ಬಂಡೆ ಮೇಲೆ ಕಾಲಿಡ್ಲಿಕ್ಕಾಗ್ತದೆ, ಮತ್ತೆ ಆ ಟೈಮಲ್ಲೇ ಕಂಬಳ, ಯಕ್ಷಗಾನ, ದೈವದ ಕೋಲ, ನೇಮ ಎಲ್ಲ ಶುರುವಾಗಿರ್ತದೆ. ಕಂಬಳ ಹೆಚ್ಚುಕಮ್ಮಿ ನವೆಂಬರಿಂದ ಮಾರ್ಚ್ ವರೆಗೆ ಶನಿವಾರ ಭಾನುವಾರ ಒಂದೊಂದು ಊರಲ್ಲಿ ಇರ್ತದೆ, ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳ, ಕಾರ್ಕಳದ ಹತ್ರ ಮಿಯ್ಯಾರಿನ ಲವ-ಕುಶ ಕಂಬಳ ಎರಡೂ ನಮ್ಮ ದಾರೀಲೇ ಬರ್ತದೆ, ದಿನ ಹೊಂದಿದ್ರೆ ಬಿಡ್ಬೇಡಿ. ಮೇ 24ರ ಹೊತ್ತಿಗೆ ಪತ್ತನಾಜೆ. ಆಮೇಲೆ ಗೆಜ್ಜೆ ಬಿಚ್ಚಿ ಇಟ್ರೆ ದೀಪಾವಳಿವರೆಗೆ ಕೋಲವೂ ಇಲ್ಲ ಬಯಲಾಟವೂ ಇಲ್ಲ, ಹಾಗಾಗಿ ಜೂನಲ್ಲಿ ಬಂದು "ಭೂತಕೋಲ ಎಲ್ಲಿ ಉಂಟು" ಅಂತ ಕೇಳಿದ್ರೆ ಯಾರ ಹತ್ರವೂ ಉತ್ತರ ಇಲ್ಲ.

ಮಳೆಗಾಲದಲ್ಲಿ ಬರ್ಲೇಬಾರ್ದು ಅಂತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮಿಕ್ಕಿ ಮಳೆ, ಅದನ್ನು ನೋಡ್ಲಿಕ್ಕೇ ಬರುವವ್ರಿದ್ದಾರೆ, ಮತ್ತೆ ಆ ಹಸಿರು ಬೇರೆ ಟೈಮಲ್ಲಿ ಸಿಗುದಿಲ್ಲ. ಆದ್ರೆ ಘಾಟಿ ಕುಸಿದು ರೋಡ್ ಬಂದ್ ಆಗುದು, ಫಾಲ್ಸಿಗೆ ಬಿಡದೇ ಇರುದು, ಟ್ರೆಕ್ಕಿಂಗ್ ಕ್ಯಾನ್ಸಲ್ ಮಾಡುದು, ಮಂಜಲ್ಲಿ ಹತ್ತಡಿ ದೂರ ಕಾಣದ್ದು, ಈ ಮಂಡೆಬಿಸಿಗೆಲ್ಲ ರೆಡಿ ಇದ್ರೆ ಮಾತ್ರ ಬನ್ನಿ. ಏಪ್ರಿಲ್ ಮೇಯಲ್ಲಿ ಬೆವರು ಬೇರೆ, ಅದನ್ನು ನಾನು ಹೇಳುದು ಬೇಡ.

ಕಾರ್ಕಳದಲ್ಲಿ ರೂಮ್ ಮಾಡಿ

ತುಂಬ ಜನ ಮಂಗ್ಳೂರಲ್ಲಿ ಹೋಟೆಲ್ ಹಿಡಿದು ದಿನಾ ಹೋಗಿ ಬರುದು ಮಾಡ್ತಾರೆ. ಮಂಗ್ಳೂರಿಂದ ಮೂಡುಬಿದಿರೆ ಸುಮಾರು 35 ಕಿಲೋಮೀಟರ್, ಅಲ್ಲಿಂದ ಕಾರ್ಕಳ ಮತ್ತೆ ಹದಿನೆಂಟು ಇಪ್ಪತ್ತು, ಮ್ಯಾಪಲ್ಲಿ ಸಣ್ಣ ಕಾಣ್ತದೆ, ಆದ್ರೆ ಬೆಳಿಗ್ಗೆ ಕಾಡಿಗೆ ಹೋಗ್ಬೇಕಾದವ್ರು ಮಂಗ್ಳೂರಿಂದ ಹೊರಟ್ರೆ ಘಟ್ಟ ಮುಟ್ಟುವಾಗ ಬಿಸಿಲು ಬಂದಾಗಿರ್ತದೆ, ಹಕ್ಕಿ ಪಕ್ಕಿ ಎಲ್ಲ ಸುಮ್ಮನಾಗಿರ್ತವೆ. ಕಾರ್ಕಳದಲ್ಲಿ ಇದ್ರೆ ಉಡುಪಿ ಒಂದು ಗಂಟೆ, ಮೂಡುಬಿದಿರೆ ಅರ್ಧ ಗಂಟೆ, ಘಾಟಿ ಎದುರಿಗೇ. ದೊಡ್ಡ ಸ್ಟಾರ್ ಹೋಟೆಲ್ ಎಲ್ಲ ನಿರೀಕ್ಷೆ ಬೇಡ, ಸಾಧಾರಣ ಲಾಡ್ಜ್, ಹೋಮ್‌ಸ್ಟೇ ಸಿಗ್ತದೆ. ಕಾಡಲ್ಲೇ ಮಲಗ್ಬೇಕು ಅಂತ ಆಸೆ ಇದ್ರೆ ಹೆಬ್ರಿ ಹತ್ರ ಸೀತಾನದಿಯಲ್ಲಿ, ಕುದುರೆಮುಖದಲ್ಲಿ ಭಗವತಿಯಲ್ಲಿ ನೇಚರ್ ಕ್ಯಾಂಪ್ ಉಂಟು, ಅದು ಮೊದ್ಲೇ ಬುಕ್ ಮಾಡದೆ ಆಗುದಿಲ್ಲ.

ಗಾಡಿ ವಿಷಯ. ಮಂಗ್ಳೂರು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಂದ ಮೂಡುಬಿದಿರೆ ಕಾರ್ಕಳಕ್ಕೆ ಎಕ್ಸ್‌ಪ್ರೆಸ್ ಬಸ್ಸುಗಳು ಬೇಕಾದಷ್ಟುಂಟು, ಉಡುಪಿಯಿಂದಲೂ ಹಾಗೆಯೇ. ಇಲ್ಲಿ ಓಡುದು ಜಾಸ್ತಿ ಪ್ರೈವೇಟ್ ಬಸ್ಸು, ಹಾಗಾಗಿ ಬೆಂಗ್ಳೂರು ಕಡೆಯಿಂದ ಬರುವ ಅಕ್ಕಂದಿರು ಗಮನಿಸಿ, ಶಕ್ತಿ ಯೋಜನೆಯ ಫ್ರೀ ಟಿಕೆಟ್ ಇದ್ರಲ್ಲಿ ನಡೆಯುದಿಲ್ಲ, ಚಿಲ್ಲರೆ ಇಟ್ಕೊಳ್ಳಿ. ಮೊದಲ ಎರಡು ದಿನ ಬಸ್ಸು, ರಿಕ್ಷಾದಲ್ಲೇ ಧಾರಾಳ ಆಗ್ತದೆ. ಮೂರನೇ ದಿನದ ಘಾಟಿ ಸುತ್ತಿಗೆ ಮಾತ್ರ ಸ್ವಂತ ಗಾಡಿಯೋ ಬಾಡಿಗೆ ಕಾರೋ ಬೇಕು, ಬಸ್ಸಲ್ಲಿ ಹೋದ್ರೆ ಒಂದು ಕಡೆ ಇಳಿದ್ರೆ ಇನ್ನೊಂದು ಬಸ್ಸಿಗೆ ಕಾಯ್ತಾ ದಿನವೇ ಮುಗೀತದೆ.

ಮೊದಲ ದಿನ: ಮೂಡುಬಿದಿರೆ

ಬೆಳಿಗ್ಗೆ ಬನ್ಸೋ ಸಜ್ಜಿಗೆ ಬಜಿಲೋ ತಿಂದು ಹೊರಡಿ. ಬಸ್ ಸ್ಟ್ಯಾಂಡಿಂದ ಬಸದಿ ಬೀದಿಗೆ ನಡ್ಕೊಂಡೇ ಹೋಗ್ಬಹುದು. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿ ಉಂಟು, ಎಲ್ಲ ನೋಡ್ಬೇಕಂತಿಲ್ಲ, ಆದ್ರೆ ಸಾವಿರ ಕಂಬದ ಬಸದಿಗೆ ಕಮ್ಮಿ ಅಂದ್ರೂ ಒಂದೂವರೆ ಗಂಟೆ ಇಡಿ. 1430ರಲ್ಲಿ ಕಟ್ಟಿದ್ದು, ಸರಿಯಾದ ಹೆಸ್ರು ತ್ರಿಭುವನ ತಿಲಕ ಚೂಡಾಮಣಿ ಬಸದಿ, ಒಳಗೆ ಇರುವುದು ಚಂದ್ರನಾಥ ಸ್ವಾಮಿ. ಜನ ಒಳಗೆ ಬಂದ ಕೂಡ್ಲೇ ಕಂಬ ಲೆಕ್ಕ ಮಾಡ್ಲಿಕ್ಕೆ ಶುರು ಮಾಡ್ತಾರೆ, ಅದು ಬಿಡಿ. ಒಂದು ಕಂಬ ಹಿಡ್ಕೊಂಡು ಪಕ್ಕದ್ದಕ್ಕೆ ಹೋಲಿಸಿ ನೋಡಿ, ಒಂದರ ಕೆತ್ತನೆ ಇನ್ನೊಂದರಲ್ಲಿ ಇಲ್ಲ. ಆಮೇಲೆ ಹೊರಗೆ ಬಂದು ಮಾಡು (ಛಾವಣಿ) ನೋಡಿ. ಬೇಲೂರು ಹಳೇಬೀಡು ನೋಡಿ ಬಂದವ್ರಿಗೆ ಇದೆಂತ ದೇವಸ್ಥಾನಕ್ಕೆ ಮನೆಯ ಹಾಗೆ ಇಳಿಜಾರು ಮಾಡು ಅಂತ ಆಶ್ಚರ್ಯ ಆಗ್ತದೆ, ನೇಪಾಳದ್ದರ ಹಾಗೆ ಉಂಟು ಅಂತ ಗೈಡ್‌ಗಳು ಹೇಳ್ತಾರೆ, ಕಾರಣ ಹುಡುಕ್ಲಿಕ್ಕೆ ಅಷ್ಟು ದೂರ ಹೋಗುದು ಬೇಡ, ನಮ್ಮ ಜುಲೈ ತಿಂಗಳ ಮಳೆ ಒಮ್ಮೆ ನೋಡಿದ್ರೆ ಸಾಕು.

ಎದುರಿನ ಭೈರಾದೇವಿ ಮಂಟಪದ ಅಡಿಪಾಯದ ಸುತ್ತ ಕೆಳಗೆ ಬಗ್ಗಿ ನೋಡ್ತಾ ಹೋಗಿ, ಮಕ್ಕಳು ಜೊತೆಗಿದ್ರೆ ಅವ್ರಿಗೇ ಹುಡುಕ್ಲಿಕ್ಕೆ ಹೇಳಿ. ಅಲ್ಲಿ ಒಂದು ಜಿರಾಫೆ ಉಂಟು, ಒಂದು ಚೀನಾದ ಡ್ರ್ಯಾಗನ್ ಉಂಟು! ಹದಿನೈದನೇ ಶತಮಾನದಲ್ಲಿ ಮೂಡುಬಿದಿರೆಯ ಶಿಲ್ಪಿಗೆ ಜಿರಾಫೆ ಹೇಗೆ ಗೊತ್ತು? ನಮ್ಮ ಕರಾವಳಿ ಬಂದರಿಗೆ ಅರಬರ, ಆಫ್ರಿಕಾದ, ಚೀನಾದ ಹಡಗಿನ ಸಂಪರ್ಕ ಇತ್ತು, ಕತೆಗಳು ಸರಕಿನ ಜೊತೆ ಒಳನಾಡಿಗೆ ಬಂದಿರ್ಬೇಕು. ನಂಗೆ ಇಡೀ ಬಸದಿಯಲ್ಲಿ ಕೊನೆಗೆ ನೆನಪಿರುದು ಅದೇ ಜಿರಾಫೆ.

ಅದೇ ಬೀದಿಯ ಗುರು ಬಸದಿಯನ್ನು ಸಿದ್ಧಾಂತ ಬಸದಿ ಅಂತಲೂ ಹೇಳ್ತಾರೆ. ದಿಗಂಬರ ಜೈನರ ಪವಿತ್ರ ಗ್ರಂಥ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲ ಟೀಕೆಯ ತಾಳೆಗರಿ ಪ್ರತಿ ಶತಮಾನಗಟ್ಟಲೆ ಉಳಿದದ್ದು ಇದೇ ಊರಲ್ಲಿ, ಇಪ್ಪತ್ತನೇ ಶತಮಾನದಲ್ಲಿ ಅಚ್ಚಾಗುವ ವರೆಗೆ ಹೊರಗಿನವ್ರಿಗೆ ಅದು ಸಿಗ್ತಾನೇ ಇರ್ಲಿಲ್ಲ. ತಾಳೆಗರಿ ತೋರಿಸಿ ಅಂತ ಹಟ ಮಾಡ್ಬೇಡಿ, ಅದು ಪ್ರದರ್ಶನಕ್ಕೆ ಇಟ್ಟದ್ದಲ್ಲ. ಗರ್ಭಗುಡಿ ಫೋಟೋ ತೆಗಿಯುದು ಎಲ್ಲಾ ಬಸದಿಯಲ್ಲೂ ಬೇಡ ಹೇಳ್ತಾರೆ, ಮೊಬೈಲ್ ಕಿಸೆಯಲ್ಲಿ ಇರ್ಲಿ. ಬೆಲ್ಟು, ಪರ್ಸು ಚರ್ಮದ್ದಾದ್ರೆ ಹೊರಗೆ ಬಿಟ್ಟು ಹೋಗುದು ಮರ್ಯಾದೆ.

ಆಮೇಲೆ ಚೌಟರ ಅರಮನೆ. ಅರಮನೆ ಅಂದ ಕೂಡ್ಲೇ ಮೈಸೂರು ನೆನಪು ಮಾಡ್ಕೊಂಡು ಹೋಗ್ಬೇಡಿ, ಹೊರಗಿಂದ ನೋಡಿದ್ರೆ ಒಂದು ದೊಡ್ಡ ಹಂಚಿನ ಮನೆ ಅಷ್ಟೆ. ಖಾಸಗಿ ಜಾಗ, ಗೇಟಲ್ಲಿ ಕೇಳಿ ಬಿಟ್ರೆ ಒಳಗೆ ಹೋಗಿ, ಬಿಡದಿದ್ರೆ ವಾಪಸ್ ಬನ್ನಿ. ಬಿಟ್ರೆ ಅಲ್ಲಿಯ ಮರದ ಕಂಬಗಳ ಎದುರು ಸ್ವಲ್ಪ ಹೊತ್ತು ನಿಲ್ಲಿ, ಒಂಬತ್ತು ಹೆಂಗಸರು ಸೇರಿ ಆನೆ ಆದ ನವನಾರಿ ಕುಂಜರ, ಐದು ಹೆಂಗಸರು ಸೇರಿ ಕುದುರೆ ಆದ ಪಂಚನಾರಿ ತುರಗ. ಉಳ್ಳಾಲದಲ್ಲಿ ಪೋರ್ಚುಗೀಸರ ಜೊತೆ ಜಗಳ ಮಾಡಿದ ರಾಣಿ ಅಬ್ಬಕ್ಕ ಇದೇ ಚೌಟ ಮನೆತನದವ್ಳು. ಇಲ್ಲಿಯ ಜೈನ ಅರಸರಿಗೆ ಅಳಿಯಕಟ್ಟು, ಅಂದ್ರೆ ಆಸ್ತಿ ಅಧಿಕಾರ ಎಲ್ಲ ಅಮ್ಮನ ಕಡೆಯಿಂದ ಹೋಗುದು, ಹಾಗಾಗಿ ಹೆಂಗಸರು ರಾಜ್ಯ ಆಳಿದ್ದರಲ್ಲಿ ಇಲ್ಲಿಯವ್ರಿಗೆ ಅಂಥ ವಿಶೇಷ ಏನೂ ಕಾಣುದಿಲ್ಲ.

ಪೇಟೆಯಿಂದ ಚೂರು ಹೊರಗೆ ಕೊಡಂಗಲ್ಲಿನಲ್ಲಿ ಜೈನ ಗುರುಗಳ ಸಮಾಧಿಗಳುಂಟು, ಅಂತಸ್ತಿನ ಮೇಲೆ ಅಂತಸ್ತು ಇರುವ ಕಲ್ಲಿನ ಕಟ್ಟಡಗಳು, ಹೆಚ್ಚಿನವ್ರು ಹೋಗುದೇ ಇಲ್ಲ. ರಿಕ್ಷಾದವ್ರಿಗೆ ಹೇಳಿದ್ರೆ ಕರ್ಕೊಂಡು ಹೋಗ್ತಾರೆ.

ಮಧ್ಯಾಹ್ನ ಊಟ ಮಾಡಿ ಟೈಮ್ ಉಳಿದ್ರೆ ವೇಣೂರು. ಫಲ್ಗುಣಿ ನದಿ ಹತ್ರ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಗೊಮ್ಮಟ, ಸಣ್ಣ ಊರು, ಗಲಾಟೆ ಇಲ್ಲ. 2024ರಲ್ಲಿ ಮಹಾಮಸ್ತಕಾಭಿಷೇಕ ಆಯ್ತು, ಅಲ್ಲಿಂದ ಹನ್ನೆರಡು ವರ್ಷ ಆರಾಮ. ಕೆಲವ್ರು ಅಲ್ಲಿಂದ ಹಾಗೇ ಧರ್ಮಸ್ಥಳಕ್ಕೆ ಹೋಗ್ತಾರೆ, ಅದಕ್ಕೆ ಬೇರೆಯೇ ಒಂದು ದಿನ ಬೇಕು, ಇದಕ್ಕೆ ಸೇರಿಸ್ಬೇಡಿ. ರಾತ್ರಿಗೆ ಕಾರ್ಕಳ ಸೇರಿ.

ಎರಡನೇ ದಿನ: ಕಾರ್ಕಳ, ಬಿಸಿಲಿಗಿಂತ ಮುಂಚೆ

ಇಲ್ಲಿ ಒಂದೇ ಒಂದು ನಿಯಮ, ಗೊಮ್ಮಟ ಬೆಟ್ಟ ಬೆಳಿಗ್ಗೆ, ಇಲ್ಲ ಸಂಜೆ. ಅದು ಇಡೀ ಬೋಳು ಬಂಡೆ, ಮೆಟ್ಟಿಲನ್ನೂ ಅದೇ ಬಂಡೆಯಲ್ಲಿ ಕಡಿದದ್ದು, ಮೇಲೆ ಪ್ರಾಕಾರದೊಳಗೆ ಚಪ್ಪಲಿ ಹಾಕ್ಲಿಕ್ಕಿಲ್ಲ. ಹನ್ನೆರಡು ಗಂಟೆಗೆ ಹೋದವ್ರು ಕಾಲು ಸುಟ್ಕೊಂಡು ಕುಣೀತಾ ಒಂದು ಸೆಲ್ಫಿ ತೆಗೆದು ಓಡಿ ಬರ್ತಾರೆ. ಸಾಕ್ಸ್ ಒಂದು ಜೊತೆ ಬ್ಯಾಗಲ್ಲಿ ಇರ್ಲಿ. ವಯಸ್ಸಾದವ್ರಿದ್ರೆ ಗಾಡಿ ಎಲ್ಲಿವರೆಗೆ ಹೋಗ್ತದೆ ಅಂತ ಕೆಳಗೇ ವಿಚಾರಿಸಿ, ಎಲ್ಲ ಮೆಟ್ಟಿಲು ಹತ್ತಿಸಿ ಅವ್ರನ್ನು ಸುಸ್ತು ಮಾಡುದು ಬೇಡ.

42 ಅಡಿ ಎತ್ತರ, ಒಂದೇ ಕಲ್ಲು, 1432ರ ಫೆಬ್ರವರಿ 13ಕ್ಕೆ ಪ್ರತಿಷ್ಠೆ, ಮಾಡಿಸಿದ್ದು ವೀರಪಾಂಡ್ಯ ಭೈರರಸ. ಶ್ರವಣಬೆಳಗೊಳದ್ದನ್ನು ಬಿಟ್ರೆ ಕರ್ನಾಟಕದಲ್ಲಿ ಇದೇ ದೊಡ್ಡದು. ಇಷ್ಟೆಲ್ಲ ಬೋರ್ಡಲ್ಲೂ ಓದ್ಬಹುದು. ನಾನು ಹೇಳುದು ಎಂತ ಅಂದ್ರೆ ಮೂರ್ತಿ ನೋಡಿ ಆದ ಮೇಲೆ ಪೂರ್ವದ ಕಡೆ ಮುಖ ಮಾಡಿ ಹತ್ತು ನಿಮಿಷ ನಿಲ್ಲಿ. ಚಳಿಗಾಲದ ಬೆಳಿಗ್ಗೆ ಮೋಡ ಇಲ್ಲದಿದ್ರೆ ಘಟ್ಟದ ಸಾಲು ಇಡೀ ಕಾಣ್ತದೆ, ನಾಳೆ ಹೋಗ್ಲಿಕ್ಕಿರುವ ದಾರಿ ಅಲ್ಲೇ. ಭೈರರಸನಿಗೆ ತನ್ನ ರಾಜ್ಯದ ಮೇಲಿನ ಅರ್ಧ ಇಲ್ಲಿಂದ ಎದುರಿಗೇ ಇತ್ತು.

ಕೆಳಗಿಳಿದು ಎದುರಿನ ಸಣ್ಣ ಗುಡ್ಡೆಗೆ ಹೋದ್ರೆ ಚತುರ್ಮುಖ ಬಸದಿ, 1586ರದ್ದು, ಇಮ್ಮಡಿ ಭೈರರಸ ಕಟ್ಟಿಸಿದ್ದು. ನಿನ್ನೆ ಮೂಡುಬಿದಿರೆಯಲ್ಲಿ ಇಳಿಜಾರು ಮಾಡು ನೋಡಿದ್ರಲ್ಲ, ಇಲ್ಲಿ ಅದಕ್ಕೆ ವಿರುದ್ಧ, ಮಾಡು ಕೂಡ ಕಲ್ಲಿನ ಚಪ್ಪಡಿ. ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು, ನಾಲ್ಕೂ ಬಾಗಿಲಿಂದ ಅದೇ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ. 108 ಕಂಬ. ಬಿಸಿಲು ಏರಿದ ಮೇಲೆ ಇದರೊಳಗೆ ಕೂರುದು ಒಂದು ಸುಖ, ಕಲ್ಲು ತಣ್ಣಗಿರ್ತದೆ, ಜನ ಇರುದಿಲ್ಲ, ಅರ್ಧ ಗಂಟೆ ಸುಮ್ನೆ ಕೂತು ಬನ್ನಿ, ಯಾರೂ ಏಳಿ ಅಂತ ಹೇಳುದಿಲ್ಲ.

ಮತ್ತೆ ಹಿರಿಯಂಗಡಿಯ ಮಾನಸ್ತಂಭ, ಒಂದೇ ಕಲ್ಲಿನದ್ದು, ಪಕ್ಕದಲ್ಲೇ ನೇಮಿನಾಥ ಬಸದಿ. ಆನೆಕೆರೆಯ ಮಧ್ಯದಲ್ಲಿ ಒಂದು ಬಸದಿ. ಪೇಟೆಯಲ್ಲಿ ವೆಂಕಟರಮಣ ದೇವಸ್ಥಾನ, ಕೊಂಕಣಿಯವ್ರ ಪಡುತಿರುಪತಿ. ಸ್ವಲ್ಪ ಆಚೆ ಅತ್ತೂರು ಚರ್ಚು, ಸಂತ ಲಾರೆನ್ಸರದ್ದು, 2016ರಲ್ಲಿ ಬೆಸಿಲಿಕಾ ಆಯ್ತು. ಜನವರಿಯ ಅತ್ತೂರು ಜಾತ್ರೆಗೆ ಹಿಂದೂ ಕ್ರಿಶ್ಚಿಯನ್ ಅಂತ ಇಲ್ಲದೆ ಊರಿಗೆ ಊರೇ ಮೊಂಬತ್ತಿ ಹಿಡ್ಕೊಂಡು ಹೋಗ್ತದೆ, ಆ ದಿನಗಳಲ್ಲಿ ಕಾರ್ಕಳದಲ್ಲಿ ರೂಮ್ ಸಿಗುದು ಕಷ್ಟ, ಮೊದ್ಲೇ ನೋಡ್ಕೊಳ್ಳಿ. ಇದೆಲ್ಲ ಒಂದು ರಿಕ್ಷಾ ಮಾತಾಡಿ ಮಧ್ಯಾಹ್ನದೊಳಗೆ ಮುಗಿಸ್ಬಹುದು.

ಕಲ್ಲು ಕೆಲಸದಲ್ಲಿ ಆಸಕ್ತಿ ಇದ್ರೆ ಇನ್ನೊಂದು ಮಾತು. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆ ಆದ 39 ಅಡಿಯ ಬಾಹುಬಲಿಯನ್ನು ಕೆತ್ತಿದ್ದು ಕಾರ್ಕಳದಲ್ಲೇ, ರೆಂಜಾಳ ಗೋಪಾಲಕೃಷ್ಣ ಶೆಣೈಯವ್ರ ನೇತೃತ್ವದಲ್ಲಿ. ಇಲ್ಲಿ ಕೆತ್ತಿ ಅಷ್ಟು ದೂರ ಸಾಗಿಸಿದ್ರು. ಶೆಣೈಯವ್ರು ಕೊಂಕಣಿಯವ್ರು, ಕೆತ್ತಿದ್ದು ಜೈನ ಮೂರ್ತಿ, ನಿಲ್ಲಿಸಿದ್ದು ಮಂಜುನಾಥನ ಊರಲ್ಲಿ, ಇಲ್ಲಿಯ ಲೆಕ್ಕಾಚಾರ ಎಲ್ಲ ಹೀಗೇ.

ರಾತ್ರಿ ಕೋಲ ಇದ್ರೆ

ಹುಡುಕ್ಲಿಕ್ಕೆ ಆ್ಯಪ್ ಬೇಡ, ರೋಡ್ ಬದಿ ಫ್ಲೆಕ್ಸ್ ನೋಡಿ, "ನೇಮೋತ್ಸವ" ಅಂತ ತಾರೀಕು ಸಮೇತ ಹಾಕಿರ್ತಾರೆ, ಇಲ್ಲದಿದ್ರೆ ಹೋಟೆಲಲ್ಲಿ ಬಿಲ್ ಕೊಡುವಾಗ ಕೇಳಿ. ಊಟಕ್ಕೂ ಕರೀತಾರೆ, ಸಂಕೋಚ ಬೇಡ, ಕೂತು ಉಣ್ಣಿ. ಆದ್ರೆ ಅದು ಶೋ ಅಲ್ಲ ಮಾರಾಯ್ರೆ, ಆ ಮನೆಯವ್ರು ವರ್ಷ ಇಡೀ ಹೊತ್ತ ಹರಕೆ, ಆ ಊರಿನ ಜಗಳ ತಕರಾರು ಎಲ್ಲ ದೈವದ ಎದುರು ಬರುವ ಹೊತ್ತು. ಫ್ಲ್ಯಾಶ್ ಹಾಕುದು, ಮುಂದೆ ನುಗ್ಗುದು, ಡ್ರೋನ್ ಹಾರಿಸುದು, ಮತ್ತೆ ರೂಮಿಗೆ ಬಂದು ಕೂಗಿ ಕುಣಿದು ರೀಲ್ಸ್ ಮಾಡುದು, ಇದೆಲ್ಲ ಈಚೆಗೆ ಹೆಚ್ಚಾಗಿದೆ, ಊರವ್ರು ಸಿಟ್ಟಾಗಿದ್ದಾರೆ, ಸಿಟ್ಟಾಗುದು ಸರಿಯೂ ಹೌದು. ಫೋಟೋಕ್ಕೆ ಮೊದ್ಲು ಮನೆಯವ್ರನ್ನು ಕೇಳಿ. ಚಾಪೆ ಮೇಲೆ ಜಾಗ ಸಿಕ್ಕಿದ್ರೆ ಕೂರಿ. ಎಷ್ಟೋ ಕಡೆ ಜೈನ ಬೀಡಿನ (ಹಳೇ ದೊಡ್ಡ ಮನೆತನದ) ಯಜಮಾನ್ರೇ ದೈವದ ಎದುರು ಕೈ ಮುಗಿದು ನಿಂತಿರ್ತಾರೆ, ಬಸದಿಯಲ್ಲಿ ನೋಡಿದ ಧರ್ಮಕ್ಕೂ ಇದಕ್ಕೂ ಎಂತ ಸಂಬಂಧ ಅಂತ ಕೇಳಿದ್ರೆ ಅವ್ರಿಗೆ ನಿಮ್ಮ ಪ್ರಶ್ನೆಯೇ ವಿಚಿತ್ರ ಕಂಡೀತು.

ಮರುದಿನ ಬೆಳಿಗ್ಗೆ ಕಾಡಿಗೆ ಹೋಗ್ಲಿಕ್ಕಿದ್ರೆ ಹನ್ನೊಂದು ಗಂಟೆಗೆ ಎದ್ದು ಬನ್ನಿ. ಅದಾಗದಿದ್ರೆ ಕಾಡು ಒಂದು ದಿನ ಮುಂದೆ ಹಾಕಿ, ನಿದ್ದೆಗಣ್ಣಲ್ಲಿ ಘಾಟಿ ಡ್ರೈವಿಂಗ್ ಬೇಡ.

ಮೂರನೇ ದಿನ: ಒಂದು ಘಾಟಿ ಹತ್ತಿ ಇನ್ನೊಂದರಲ್ಲಿ ಇಳಿಯಿರಿ

ಸುತ್ತು ಹೀಗೆ: ಕಾರ್ಕಳ, ಬಜಗೋಳಿ, ಮಾಳ, ಎಸ್.ಕೆ. ಬಾರ್ಡರ್ (ಹಳೇ ಸೌತ್ ಕೆನರಾ ಗಡಿ), ಕೆರೆಕಟ್ಟೆ, ಶೃಂಗೇರಿ, ಆಗುಂಬೆ, ಹೆಬ್ರಿ, ವರಂಗ, ವಾಪಸ್ ಕಾರ್ಕಳ. ಟ್ಯಾಂಕ್ ಕಾರ್ಕಳದಲ್ಲೇ ಫುಲ್ ಮಾಡಿ, ಕ್ಯಾಶ್ ತೆಗೆದಿಡಿ, ಮ್ಯಾಪ್ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ ಯಾಕೆಂದ್ರೆ ಮೇಲೆ ನೆಟ್‌ವರ್ಕ್ ಇರುದಿಲ್ಲ. ಬೆಳಗ್ಗಿನ ಆರು ಗಂಟೆಗೆ ಹೊರಟಿರ್ಬೇಕು.

ಎಸ್.ಕೆ. ಬಾರ್ಡರಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ಗಾಡಿ ನಂಬರ್ ಬರೆಸಿ ಹೋಗ್ಬೇಕು. ಕಾಡೊಳಗೆ ಕಂಡಕಂಡಲ್ಲಿ ಗಾಡಿ ನಿಲ್ಲಿಸುದು, ಚಾಪೆ ಹಾಸಿ ಊಟ ಮಾಡುದು, ಬಾಟ್ಲಿ ಬಿಸಾಡುದು ಎಲ್ಲ ನಡೆಯುದಿಲ್ಲ. ಇಲ್ಲಿ ದಾರಿ ಕವಲಾಗ್ತದೆ, ಒಂದು ಶೃಂಗೇರಿಗೆ, ಇನ್ನೊಂದು ಕುದುರೆಮುಖ ಕಳಸಕ್ಕೆ.

ಈಗ ಪ್ರಾಣಿ ವಿಷಯ, ಇದನ್ನು ಸ್ವಲ್ಪ ಬಿಡಿಸಿ ಹೇಳ್ಬೇಕು ಯಾಕೆಂದ್ರೆ ಬಂಡೀಪುರ, ಕಬಿನಿ ನೋಡಿದವ್ರು ಇಲ್ಲಿ ಬಂದು "ಎಂತ ಇಲ್ಲ" ಅಂತ ಹೇಳಿ ಹೋಗುದು ಮಾಮೂಲಿ. ಇದು ನಿತ್ಯಹರಿದ್ವರ್ಣ ಕಾಡು, ಒಳಗೆ ನಡುಮಧ್ಯಾಹ್ನವೂ ಕತ್ತಲೆ, ಇಪ್ಪತ್ತಡಿ ಆಚೆ ಕಾಟಿ ನಿಂತಿದ್ರೂ ಕಾಣುದಿಲ್ಲ. ಜೀಪ್ ಸಫಾರಿ ಗಿಪಾರಿ ಇಲ್ಲ. ಹುಲಿ, ಚಿರತೆ ಉಂಟು, ನಿಮ್ಗೆ ಕಾಣುದಿಲ್ಲ, ಆ ಆಸೆ ಬಿಡಿ. ಇಲ್ಲಿ ಕಿವಿ ಮೊದ್ಲು, ಕಣ್ಣು ಆಮೇಲೆ, ಮತ್ತೆ ಕಣ್ಣು ಮೇಲಕ್ಕೆ, ಕೊಂಬೆ ಕಡೆಗೆ. ರೆಕ್ಕೆ ಬಡಿಯುವಾಗ ಬುಸ್ ಬುಸ್ ಅಂತ ದೊಡ್ಡ ಶಬ್ದ ಕೇಳಿದ್ರೆ ಅದು ಮಂಗಟ್ಟೆ ಹಕ್ಕಿ, ಹಣ್ಣು ಬಿಟ್ಟ ಆಲ, ಗೋಳಿ, ಅತ್ತಿ ಮರ ಕಂಡ್ರೆ ಅದರ ಹತ್ರ ಕಾಯಿರಿ, ಬಂದೇ ಬರ್ತವೆ. ಬೆಳಿಗ್ಗೆ ಹಳ್ಳದ ಬದಿ ಯಾರೋ ಮನುಷ್ಯರು ಸಿಳ್ಳೆ ಹೊಡೆದ ಹಾಗೆ ಕೇಳಿದ್ರೆ ಸಿಳ್ಳಾರ ಹಕ್ಕಿ. ಕೆಂದಳಿಲು ಮರದಿಂದ ಮರಕ್ಕೆ ಹಾರುದು ಸುಲಭವಾಗಿ ಕಾಣ್ತದೆ.

ಸಿಂಗಳೀಕ ಕಂಡ್ರೆ ಅದೃಷ್ಟ. ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲದ ತುದಿ ಕುಚ್ಚು. ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆ ಎಲ್ಲೂ ಇಲ್ಲ, ಮರ ಬಿಟ್ಟು ಕೆಳಗೆ ಬರುದೇ ಅಪರೂಪ, ಹಾಗಾಗಿ ಕಾಡಿನ ಮಧ್ಯೆ ಮರ ಕಡಿದು ಗ್ಯಾಪ್ ಮಾಡಿದ್ರೆ ಅದರ ಕತೆ ಮುಗೀತು. ಪುತ್ತೂರು ಕಡೆಯ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಎಂಬತ್ತರ ದಶಕದಲ್ಲಿ ಇಲ್ಲಿ ಸಿಂಗಳೀಕದ ಸರ್ವೆ ಮಾಡಿದ್ರು, 1987ರಲ್ಲಿ ಸುಮಾರು 600 ಚದರ ಕಿಲೋಮೀಟರಿನ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆ ಆದದ್ದಕ್ಕೆ ಆ ಕೆಲಸವೂ ಒಂದು ಕಾರಣ. ಅಂದ್ರೆ ಈ ಕಾಡು ಉಳಿದದ್ದರಲ್ಲಿ ಒಂದು ಮಂಗದ ಪಾಲು ದೊಡ್ಡದುಂಟು. ಆದ್ರೆ ಘಾಟಿ ರೋಡಲ್ಲಿ ಕಾರ್ ನಿಲ್ಲಿಸಿ ಮಂಗಗಳಿಗೆ ಚಿಪ್ಸು, ಬಾಳೆಹಣ್ಣು ಕೊಡುದು ಮಾತ್ರ ಮಾಡ್ಬೇಡಿ, ಅವು ರೋಡಿಗೆ ಬಂದು ಗಾಡಿ ಅಡಿ ಸಾಯ್ತವೆ.

ನಾಲ್ಕನೇ ದಿನ ಒಂದು ಕೈಯಲ್ಲಿದ್ರೆ ಕವಲಲ್ಲಿ ಕುದುರೆಮುಖದ ಕಡೆ ತಿರುಗಿ. ಹನುಮಾನ್ ಗುಂಡಿ ಫಾಲ್ಸ್ ಆ ದಾರೀಲೇ, ಟಿಕೆಟ್ ತಗೊಂಡು ಮೆಟ್ಟಿಲಿಳಿದು ಹೋಗುದು, ಇಳಿಯುವಾಗ ಖುಷಿ, ಹತ್ತುವಾಗ ಗೊತ್ತಾಗ್ತದೆ. ಮುಂದೆ ಕುದುರೆಮುಖ ಪೇಟೆ, ಅದಿರು ಕಂಪನಿಗಾಗಿ ಕಟ್ಟಿದ ಊರು. ಇಲ್ಲಿಂದ ಅದಿರನ್ನು ನೀರಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಪೈಪಲ್ಲಿ ಮಂಗ್ಳೂರಿಗೆ ಬಿಡ್ತಿದ್ರು, ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ಒಂದು ಕಾಲದಲ್ಲಿ ಜನ ತುಂಬಿದ್ದ ಕ್ವಾರ್ಟರ್ಸುಗಳಲ್ಲಿ ಹೆಚ್ಚಿನದ್ದು ಈಗ ಖಾಲಿ. ಗಣಿಯಿಂದ ಊಟ ಮಾಡಿದವ್ರು, ಭದ್ರಾ ನದಿಗೆ ಕೆಸರು ಬಂದದ್ದನ್ನು ಕಂಡವ್ರು ಇಬ್ರೂ ಈಗ್ಲೂ ಇದ್ದಾರೆ, ಚಾ ಅಂಗಡಿಯಲ್ಲಿ ಮಾತಾಡಿಸಿದ್ರೆ ಎರಡು ಬೇರೆ ಕತೆ ಸಿಗ್ತದೆ. ಶಿಖರ ಹತ್ತುವ ಟ್ರೆಕ್ ಮುಳ್ಳೋಡಿಯಿಂದ, 1890 ಮೀಟರ್ ಮಿಕ್ಕಿದ ಎತ್ತರ, ಇಡೀ ದಿನದ ಕೆಲಸ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಉಂಟು, ಅರಣ್ಯ ಇಲಾಖೆಯ ವೆಬ್‌ಸೈಟಲ್ಲಿ ಮೊದ್ಲೇ ಬುಕ್ ಮಾಡ್ಬೇಕು. ವೀಕೆಂಡ್ ಸ್ಲಾಟ್ ಬೇಗ ಹೋಗ್ತದೆ.

ಮೂರೇ ದಿನದವ್ರು ಸೀದಾ ಶೃಂಗೇರಿ. ಶಾರದಾಂಬೆ ದರ್ಶನಕ್ಕೆ ಎಲ್ರೂ ಹೋಗ್ತಾರೆ, ಪಕ್ಕದ ವಿದ್ಯಾಶಂಕರ ದೇವಸ್ಥಾನವನ್ನು ಒಂದು ಸುತ್ತು ಹಾಕಿ ಬಿಡ್ತಾರೆ. ಹಾಗೆ ಮಾಡ್ಬೇಡಿ. ಹದಿನಾಲ್ಕನೇ ಶತಮಾನದ್ದು, ಮಂಟಪದಲ್ಲಿ ಹನ್ನೆರಡು ರಾಶಿಗೆ ಹನ್ನೆರಡು ಕಂಬ. ಮಠದಲ್ಲಿ ಮಧ್ಯಾಹ್ನದ ಪ್ರಸಾದ ಊಟ ಮಾಡಿ, ತುಂಗೆಯ ಮೀನು ನೋಡಿ ಹೊರಡಿ.

ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಉಂಟು, 2005ರಲ್ಲಿ ಹಾವಿನ ತಜ್ಞ ರೋಮುಲಸ್ ವಿಟೇಕರ್ ಶುರು ಮಾಡಿದ್ದು, ಕಾಳಿಂಗ ಸರ್ಪದ ಅಧ್ಯಯನಕ್ಕೆ. ಗೂಗಲ್ ಮ್ಯಾಪಲ್ಲಿ ಕಾಣ್ತದೆ ಅಂತ ಸೀದಾ ನುಗ್ಗುದು ಬೇಡ, ಅದು ಪಾರ್ಕ್ ಅಲ್ಲ, ಮೊದ್ಲೇ ಬರೆದು ಕೇಳಿ ಹೋಗ್ಬೇಕು. ಕಾಳಿಂಗ ತಿನ್ನುದು ಹೆಚ್ಚಾಗಿ ಬೇರೆ ಹಾವುಗಳನ್ನೇ, ಒಣ ಎಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಅದೊಂದೇ. ಇಲ್ಲಿಯವ್ರು ಅದನ್ನು ಹೊಡೆಯುದಿಲ್ಲ. ಒನಕೆ ಅಬ್ಬಿ, ಜೋಗಿಗುಂಡಿ, ಬರ್ಕಣ ಈ ಫಾಲ್ಸುಗಳಿಗೆ ಅವತ್ತು ಬಿಡ್ತಾರಾ ಇಲ್ವಾ ಅಂತ ಅಲ್ಲಿಯ ಅರಣ್ಯ ಕಚೇರಿಯಲ್ಲೇ ವಿಚಾರಿಸಿ, ಯೂಟ್ಯೂಬ್ ನೋಡಿ ಒಳದಾರಿ ಹಿಡಿದು ಹೋದವ್ರನ್ನು ಹುಡುಕ್ಲಿಕ್ಕೆ ಊರವ್ರು ಟಾರ್ಚ್ ಹಿಡ್ಕೊಂಡು ಹೋಗ್ಬೇಕಾಗ್ತದೆ.

ಇನ್ನು ಒಂದು ತೀರ್ಮಾನ ನೀವೇ ಮಾಡ್ಬೇಕು: ಆಗುಂಬೆಯ ಸೂರ್ಯಾಸ್ತವಾ, ವರಂಗದ ಕೆರೆ ಬಸದಿಯಾ. ಎರಡೂ ಆಗುದಿಲ್ಲ, ಕತ್ತಲಾದ್ರೆ ದೋಣಿ ಇಲ್ಲ. ನನ್ನನ್ನು ಕೇಳಿದ್ರೆ ಕಣ್ಣು ಮುಚ್ಚಿ ವರಂಗ. ಸೂರ್ಯಾಸ್ತಕ್ಕೆ ಎಷ್ಟೋ ದಿನ ಮೋಡ ಅಡ್ಡ ಬರ್ತದೆ, ಜನಜಂಗುಳಿ ಬೇರೆ, ಮತ್ತೆ ಕತ್ತಲಲ್ಲಿ ಹದಿನಾಲ್ಕು ತಿರುವು ಇಳಿಯುದು. ಮೂರು ಗಂಟೆಗೇ ಇಳಿದ್ರೆ ಸೋಮೇಶ್ವರ ಅಭಯಾರಣ್ಯದ ಕಾಡು ಬೆಳಕಲ್ಲೇ ನೋಡ್ಬಹುದು, ತಿರುವುಗಳಲ್ಲಿ ಹಾರ್ನ್ ಮಾಡಿ, ಹತ್ತುವ ಗಾಡಿಗೆ ದಾರಿ ಬಿಡಿ.

ಹೆಬ್ರಿ ದಾಟಿ ಕಾರ್ಕಳ ದಾರೀಲಿ ವರಂಗ. ಮೊದ್ಲು ನೇಮಿನಾಥ ಬಸದಿ, ಆಮೇಲೆ ಕೆರೆ. ತಾವರೆ ತುಂಬಿದ ಕೆರೆ ಮಧ್ಯೆ ನಾಲ್ಕು ಮುಖದ ಸಣ್ಣ ಬಸದಿ, ಹುಟ್ಟು ಹಾಕುವ ದೋಣಿಯಲ್ಲಿ ಕೆಲವೇ ಜನರನ್ನು ಕೂರಿಸ್ಕೊಂಡು ಹೋಗ್ತಾರೆ, ಸಾಲಲ್ಲಿ ಕಾಯಿರಿ, ದೋಣಿಯಲ್ಲಿ ಎದ್ದು ನಿಂತು ಫೋಟೋ ತೆಗಿಯುದು ಬೇಡ. ಪದ್ಮಾವತಿ ಅಮ್ಮನಿಗೆ ಹರಕೆ ಹೊತ್ತು ಬರುವವ್ರು ತುಂಬ ಜನ. ಅಲ್ಲಿಂದ ಕಾರ್ಕಳ ಹತ್ರವೇ, ಉಡುಪಿಗೆ ಹೋಗುವವ್ರು ಹೆಬ್ರಿಗೆ ತಿರುಗಿ ಹೋದ್ರೂ ಆಗ್ತದೆ.

ಉಂಬಳ (ಜಿಗಣೆ) ಮತ್ತೆ ಉಣುಗು (ಉಣ್ಣೆ)

ಮಳೆಗಾಲದ ಉಂಬಳಕ್ಕೆ ಹೆದ್ರುದು ಬೇಡ, ರಕ್ತ ಕುಡೀತದೆ, ಬಿದ್ದು ಹೋಗ್ತದೆ, ಆಮೇಲೆ ತುರಿಸ್ತದೆ, ಅಷ್ಟೆ. ಎಳೆದು ತೆಗಿಯುದು ಬೇಡ, ಉಪ್ಪೋ ಸುಣ್ಣವೋ ಮುಟ್ಟಿಸಿ. ಹೆದರ್ಬೇಕಾದ್ದು ಬೇಸಿಗೆಯ ಉಣುಗಿಗೆ. ಡಿಸೆಂಬರಿಂದ ಮೇ ವರೆಗೆ ಮಲೆನಾಡು ಮತ್ತೆ ಘಟ್ಟದ ಬುಡದಲ್ಲಿ ಮಂಗನ ಕಾಯಿಲೆ ಕಾಣ್ತದೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದ್ಲು ಪತ್ತೆಯಾದದ್ದು, ಉಣುಗು ಕಚ್ಚಿ ಬರುದು. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟ್ ಸಾಕ್ಸ್ ಒಳಗೆ ತುರುಕಿ, ತರಗೆಲೆ ಮೇಲೆ ಕೂರ್ಬೇಡಿ ಮಲಗ್ಬೇಡಿ. ರೂಮಿಗೆ ಬಂದ ಕೂಡ್ಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬೇರೆ ಇಟ್ಟು ಒಗೆಯಿರಿ. ಕಾಡಲ್ಲಿ ಮಂಗ ಸತ್ತು ಬಿದ್ದದ್ದು ಕಂಡ್ರೆ ಹತ್ರ ಹೋಗದೆ ಅರಣ್ಯ ಇಲಾಖೆಯವ್ರಿಗೋ ಆರೋಗ್ಯ ಇಲಾಖೆಯವ್ರಿಗೋ ತಿಳಿಸಿ. ಊರಿಗೆ ಹೋಗಿ ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಡೋಲೋ ನುಂಗಿ ಮಲಗ್ಬೇಡಿ, ಡಾಕ್ಟ್ರ ಹತ್ರ ಹೋಗಿ ಘಟ್ಟದ ಕಾಡಿಗೆ ಹೋಗಿದ್ದೆ ಅಂತ ಮೊದ್ಲೇ ಹೇಳಿ, ಬೇರೆ ಊರಿನ ಡಾಕ್ಟ್ರಿಗೆ ಅದು ತಾನಾಗಿ ಹೊಳೀಲಿಕ್ಕಿಲ್ಲ.